ಒಂದೇ ಮಂಚ, ಎರಡು ಬಗೆಯ ಮೈ

ಪುಣೆಯಲ್ಲಿ ನೆಲೆಸಿದ ನಮ್ಮವರು ಹೊಸ ಮನೆ ಮಾಡಿದಾಗ ಮಂಚಕ್ಕೆ ವಹಿಸುವ ಶ್ರದ್ಧೆಯನ್ನು ಹಾಸಿಗೆಗೆ ವಹಿಸುವುದು ಅಪೂರ್ವ. ಭವಾನಿ ಪೇಟೆಯ ಟಿಂಬರ್ ಮಾರುಕಟ್ಟೆಗೆ ಹೋಗಿ ಸಾಗುವಾನಿಯ ಹಲಗೆಯನ್ನು ತಟ್ಟಿ, ಮೂಸಿ ನೋಡುವ ಯಜಮಾನರು, ಅದರ ಮೇಲೆ ಹಾಸುವ ವಸ್ತುವನ್ನು ಮಾತ್ರ ಅಂಗಡಿಯವನು ತೋರಿಸಿದಂತೆಯೇ ಒಪ್ಪಿಕೊಂಡು ಬರುತ್ತಾರೆ. ಅದರ ಮೇಲೆ ಮಲಗುವವರು ಇಬ್ಬರು, ಅವರ ಮೈತೂಕ ಬೇರೆ, ಮಲಗುವ ಭಂಗಿ ಬೇರೆ, ಏಳುವ ಹೊತ್ತು ಬೇರೆ ಎಂಬ ವಿಚಾರ ಹಣ ತೆರುವಾಗ ಯಾರ ನೆನಪಿಗೂ ಬರುವುದಿಲ್ಲ. ಭುಜವೋ ಸೊಂಟವೋ ನೋಯತೊಡಗಿದ ಮೇಲೆ ಬರುತ್ತದೆ. ಆ ನೋವು ಅನೇಕ ಮನೆಗಳಲ್ಲಿ ಗೃಹಿಣಿಯ ಪಾಲಿನದು; ಹಾಸಿಗೆಯನ್ನು ಆರಿಸಿದವರಾದರೋ ಆಕೆಯಲ್ಲ.

ಗಟ್ಟಿ ಹಾಸಿಗೆಯೇ ಆರೋಗ್ಯಕರವೆಂಬ ನಂಬಿಕೆ ನಮ್ಮಲ್ಲಿ ಬಹಳ ಆಳವಾಗಿ ಬೇರೂರಿದೆ. ಊರಿನಲ್ಲಿ ಚಾಪೆ, ಪರಸ್ಥಳಕ್ಕೆ ಬಂದ ಮೇಲೆ ಹೋಟೆಲಿನ ಬಾಗಿಲು ಮುಚ್ಚಿ ಜೋಡಿಸಿದ ಮೇಜುಗಳು: ಹೀಗೆ ಮಲಗಿಯೇ ಒಂದು ತಲೆಮಾರು ಬೆಳೆಯಿತು. ಅವರಿಗೆ ಮೆತ್ತೆಯೆಂದರೆ ಸೋಮಾರಿತನದ ಲಕ್ಷಣ. ಬೆನ್ನುನೋವು ಎಂದವರಿಗೆ ಹಲಗೆಯ ಮೇಲೆ ಮಲಗಿರೆಂದು ಹೇಳಿದ ವೈದ್ಯರೂ ಇದ್ದರು. ಆದರೆ ಸ್ಪೇನ್ ದೇಶದ ವೈದ್ಯರು ದೀರ್ಘಕಾಲದ ಬೆನ್ನುನೋವಿನ 313 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗಟ್ಟಿ ಹಾಸಿಗೆಯನ್ನೂ ಇನ್ನೊಂದಕ್ಕೆ ಮಧ್ಯಮ ಗಟ್ಟಿಯದನ್ನೂ ಕೊಟ್ಟು 90 ದಿನ ಪರೀಕ್ಷಿಸಿದರು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೆಚ್ಚು ಗುಣ ಕಂಡವರು ಮಧ್ಯಮ ಹಾಸಿಗೆಯವರು. ಆದುದರಿಂದ ಮನೆಯಾಕೆ ‘ಇದು ಕಲ್ಲಿನಂತಿದೆ’ ಎಂದರೆ ಅದನ್ನು ನಾಜೂಕಿನ ಮಾತೆಂದು ತಳ್ಳಿಹಾಕುವುದು ಸರಿಯಲ್ಲ.

ಈಗ ಎಲ್ಲರ ಬಾಯಲ್ಲಿರುವ ಲ್ಯಾಟೆಕ್ಸ್ ಹಾಸಿಗೆಯಾದರೂ ಏನು? ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಗಿನ ಜಾವದಲ್ಲಿ ರಬ್ಬರು ಮರದ ತೊಗಟೆ ಕೆತ್ತಿ, ಗೆರಟೆಯಲ್ಲೋ ಬಟ್ಟಲಿನಲ್ಲೋ ಹಿಡಿಯುವ ಬಿಳಿಯ ಹಾಲೇ ಲ್ಯಾಟೆಕ್ಸ್. ಅದು ಹೆಪ್ಪಾಗದಂತೆ ಅಮೋನಿಯ ಬೆರೆಸಿ, ಯಂತ್ರದಲ್ಲಿ ತಿರುಗಿಸಿ, ರಬ್ಬರಿನ ಅಂಶ ಶೇಕಡಾ 60ರಷ್ಟಾಗುವಂತೆ ಸಾಂದ್ರಗೊಳಿಸುತ್ತಾರೆ. ಮುಂದಿನ ಕ್ರಮ ನಮ್ಮ ಅಡಿಗೆಮನೆಯದೇ. ಆ ಹಾಲಿಗೆ ಗಂಧಕ ಮೊದಲಾದ ವಸ್ತುಗಳನ್ನು ಸೇರಿಸಿ, ನೊರೆ ಬರುವಂತೆ ಕಡೆದು, ಇಡ್ಲಿಯ ಹಿಟ್ಟಿನಂತೆ ಅಚ್ಚಿಗೆ ಹೊಯ್ದು, ಹಬೆಯಲ್ಲಿ ಬೇಯಿಸುವುದು. ಅಚ್ಚಿನಲ್ಲಿ ಸಾಲಾಗಿ ನಿಂತ ಲೋಹದ ಕಡ್ಡಿಗಳಿಂದಾಗಿ ನಡುವಿನ ತನಕ ಬಿಸಿ ತಲಪುತ್ತದೆ. ಹಾಸಿಗೆಯ ತುಂಬ ಕಾಣುವ ತೂತುಗಳು ಆ ಕಡ್ಡಿಗಳ ಗುರುತುಗಳೇ. ಇಂಗ್ಲೆಂಡಿನ ಡನ್ಲಪ್ ಕಂಪೆನಿಯವರು 1929ರಲ್ಲಿ ಈ ವಿಧಾನವನ್ನು ಕಂಡುಹಿಡಿದರು. ನಮ್ಮ ಮನೆಗಳಲ್ಲಿ ಯಾವ ಮೆತ್ತನೆಯ ಹಾಸಿಗೆಗಾದರೂ ‘ಡನ್ಲಪ್’ ಎನ್ನುವ ರೂಢಿಗೆ ಮೂಲ ಇದೇ. ಅಚ್ಚನ್ನು ನಿರ್ವಾತಗೊಳಿಸಿ, ನೊರೆಯನ್ನು ಮಂಜುಗಟ್ಟಿಸಿ ಬೇಯಿಸುವ ಟಾಲಲೇ ಎಂಬ ಇನ್ನೊಂದು ವಿಧಾನವುಂಟು. ಅದು ಇನ್ನಷ್ಟು ಹಗುರ, ಇನ್ನಷ್ಟು ದುಬಾರಿ.

ತೆಂಗಿನ ನಾರಿಗೆ ರಬ್ಬರು ಹಾಲು ಸಿಂಪಡಿಸಿ ಒತ್ತಿದ ಹಾಸಿಗೆ ಬೇರೆ ಜಾತಿಯದು. ಮಣಿಪಾಲದ ಪೈ ಮನೆತನದವರು 1962ರಲ್ಲಿ ಆರಂಭಿಸಿದ ಕರ್ಲಾನ್ ಸಂಸ್ಥೆ ಅದನ್ನು ದೇಶದ ಮೂಲೆಮೂಲೆಗೆ ಒಯ್ದಿತೆಂಬುದು ಕರಾವಳಿಯವರಿಗೆ ಹೆಮ್ಮೆಯ ಸಂಗತಿ. (2023ರಲ್ಲಿ ಆ ಸಂಸ್ಥೆ ಶೀಲಾ ಫೋಮ್‌ನವರ ಕೈಸೇರಿತು.) ನಾರಿನ ಹಾಸಿಗೆ ಒಳ್ಳೆಯದೇ, ಆದರೆ ಅದು ಲ್ಯಾಟೆಕ್ಸ್ ಅಲ್ಲ. ಸಾಮಾನ್ಯ ಫೋಮಿನ ಮೇಲೆ ಒಂದಿಂಚು ಲ್ಯಾಟೆಕ್ಸ್ ಅಂಟಿಸಿ ಪೂರ್ಣ ಬೆಲೆ ಕೇಳುವವರೂ ಪೇಟೆಯಲ್ಲಿದ್ದಾರೆ. ಗವಸಿನ ಜಿಪ್ಪನ್ನು ತೆರೆಯಿಸಿ, ಒಳಗಿನ ಪದರಗಳನ್ನು ಕಣ್ಣಾರೆ ಕಂಡು, ಎಷ್ಟು ಇಂಚು ಲ್ಯಾಟೆಕ್ಸ್, ಅದರಲ್ಲಿ ಸಹಜವೆಷ್ಟು, ಕೃತಕವೆಷ್ಟು ಎಂದು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಬೇಕು. ಜಿಪ್ಪು ತೆರೆಯಲೊಪ್ಪದ ಅಂಗಡಿಯ ಮೆಟ್ಟಿಲಿಳಿದು ಬರುವುದೇ ಲೇಸು.

ಇನ್ನು ಮುಖ್ಯ ವಿಷಯ. 85 ಕಿಲೋ ತೂಗುವ ಪತಿ ಅಂಗಾತ ಮಲಗುವವರು, 50 ಕಿಲೋದ ಪತ್ನಿ ಮಗ್ಗುಲಾಗಿ ಮಲಗುವವರು ಎಂದಿಟ್ಟುಕೊಳ್ಳೋಣ. ಭಾರವಾದ ಮೈ ಮೆತ್ತೆಯಲ್ಲಿ ಸೊಂಟದ ಬಳಿ ಕುಸಿದು ಬೆನ್ನು ತೊಟ್ಟಿಲಿನಂತೆ ಬಾಗುತ್ತದೆ. ಅವರಿಗೆ ಗಟ್ಟಿಯೇ ಬೇಕು. ಹಗುರವಾದ ಮೈ ಅದೇ ಗಟ್ಟಿಯ ಮೇಲೆ ತಗ್ಗುವುದೇ ಇಲ್ಲ. ಮಗ್ಗುಲಾದವರ ಭುಜವೂ ಸೊಂಟವೂ ಒಂದಿಷ್ಟು ಇಳಿಯದಿದ್ದರೆ ಇಡಿಯ ಭಾರ ಆ ಎರಡು ಎಲುಬುಗಳ ಮೇಲೆ ಬಿದ್ದು ತೋಳು ಜೋಮು ಹಿಡಿಯುತ್ತದೆ. ಅಂಗಡಿಯವರು ಇಂಥಲ್ಲಿ ‘ಮಧ್ಯಮ ತೆಗೆದುಕೊಳ್ಳಿ’ ಎಂದು ರಾಜಿ ಮಾಡಿಸುತ್ತಾರೆ. ಇಬ್ಬರ ತೂಕದಲ್ಲಿ ಹತ್ತು ಹನ್ನೆರಡು ಕಿಲೋದ ಅಂತರವಿದ್ದರೆ ಆ ರಾಜಿ ನಡೆದೀತು. ಅಂತರ ದೊಡ್ಡದಾದರೆ ಇಬ್ಬರಿಗೂ ಸಲ್ಲದ ವಸ್ತುವೊಂದು ಮನೆಗೆ ಬಂದಂತಾಯಿತು.

ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಸರಿಯಾದ ಪರಿಹಾರ ಹಾಸಿಗೆಯನ್ನು ಎರಡಾಗಿ ಕೊಳ್ಳುವುದು. 78 ಇಂಚು ಉದ್ದ, 72 ಇಂಚು ಅಗಲದ ಮಂಚಕ್ಕೆ 36 ಇಂಚು ಅಗಲದ ಎರಡು ತುಂಡುಗಳನ್ನು, ಒಂದು ಗಟ್ಟಿಯದು ಒಂದು ಮೆತ್ತನೆಯದು, ಮಾಡಿಸಿ ಒಂದೇ ಗವಸಿನೊಳಗೆ ಸೇರಿಸುವುದು. ಗಟ್ಟಿತನವನ್ನು ನಮ್ಮಲ್ಲಿ ಸಾಂದ್ರತೆಯ ಲೆಕ್ಕದಲ್ಲಿ ಹೇಳುವ ವಾಡಿಕೆಯಿದೆ: ಘನ ಮೀಟರಿಗೆ ಸುಮಾರು 65-70 ಕಿಲೋ ಮೆತ್ತಗೆ, 75-80 ಮಧ್ಯಮ, 85ರ ಮೇಲೆ ಗಟ್ಟಿ. ಇನ್ನೂ ಜಾಣತನದ ಏರ್ಪಾಡೆಂದರೆ ಎರಡೂ ಕಡೆ ನಾಲ್ಕಿಂಚಿನ ಗಟ್ಟಿ ಅಡಿಪದರವಿಟ್ಟು, ಮೇಲಿನ ಎರಡಿಂಚನ್ನು ಮಾತ್ರ ಅವರವರಿಗೆ ತಕ್ಕಂತೆ ಹಾಕಿಸುವುದು. ಮುಂದೆ ತೂಕ ಬದಲಾದರೆ ಮೇಲಿನ ಪದರವನ್ನಷ್ಟೇ ಬದಲಿಸಿದರಾಯಿತು. ಹೋಟೆಲು ಮಾಲಕರ ತೂಕ ಯಾವ ದಿಕ್ಕಿಗೆ ಬದಲಾಗುವುದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

‘ಗಂಡಹೆಂಡಿರಿಗೆ ಬೇರೆ ಬೇರೆ ಹಾಸಿಗೆಯೇ?’ ಎಂದು ಹಿರಿಯರು ಮುಖ ಸಿಂಡರಿಸಿಯಾರು. ಮೇಲೆ ಒಂದೇ ಹೊದಿಕೆ ಹಾಸಿದರೆ ಅವರ ಕಣ್ಣಿಗೆ ಬೀಳುವುದಿಲ್ಲ. ನಡುವಿನ ಸಂದು ಮೈಗೆ ತಾಗುವುದಾದರೆ ಇಡಿಯ ಅಗಲಕ್ಕೆ ಒಂದಿಂಚಿನ ತೆಳು ಪದರ ಸಾಕು. ಹಾಲುಗೂಸು ಇರುವ ಮನೆಯಲ್ಲಿ ಮಾತ್ರ ಎಚ್ಚರ: ಮಗುವನ್ನು ನಡುವಿನ ಸಂದಿನ ಮೇಲಾಗಲಿ ಮೆತ್ತನೆಯ ಭಾಗದ ಮೇಲಾಗಲಿ ಮಲಗಿಸಬಾರದು. ಅದಕ್ಕೆ ಸಮತಟ್ಟಾದ ಗಟ್ಟಿ ಹಾಸಿಗೆ ಪ್ರತ್ಯೇಕವಾಗಿ ಬೇಕು.

ಎರಡು ತುಂಡುಗಳಿಂದ ಇನ್ನೊಂದು ಲಾಭವಿದೆ, ನಮ್ಮ ವ್ಯವಸಾಯದವರಿಗೆ ಅದು ದೊಡ್ಡದು. ಗಲ್ಲಾ ಎಣಿಸಿ, ಶಟರ್ ಎಳೆದು, ಮನೆ ಸೇರುವಾಗ ರಾತ್ರಿ ಹನ್ನೆರಡು ದಾಟಿರುತ್ತದೆ. ಮಕ್ಕಳ ಶಾಲೆಯ ಡಬ್ಬಿಗಾಗಿ ಮನೆಯಾಕೆ ಐದೂವರೆಗೆ ಏಳಬೇಕು. ಆತ ಬಂದು ಮಲಗಿದಾಗ ಆಕೆಗೆ ಎಚ್ಚರ, ಆಕೆ ಎದ್ದಾಗ ಆತನಿಗೆ ಎಚ್ಚರ. ಹೀಗೆ ವರ್ಷಾನುಗಟ್ಟಲೆ ಒಬ್ಬರ ನಿದ್ರೆಯನ್ನು ಇನ್ನೊಬ್ಬರು ಕದ್ದುಕೊಂಡೇ ಸಂಸಾರ ನಡೆಯುತ್ತದೆ. ಹಳೆಯ ಸ್ಪ್ರಿಂಗಿನ ಹಾಸಿಗೆಗಿಂತ ಲ್ಯಾಟೆಕ್ಸಿನಲ್ಲಿ ಅಲುಗಾಟ ಕಡಿಮೆ. ತುಂಡು ಬೇರೆಯಾದರೆ ಇನ್ನೂ ಕಡಿಮೆ.

ಪರೀಕ್ಷಿಸುವ ಬಗೆ ಸರಳ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಬೇಕು. ಸಲೀಸಾಗಿ ಹಾದುಹೋದರೆ ಹಾಸಿಗೆ ಅತಿ ಗಟ್ಟಿ, ತೂರಲೇ ಆಗದಿದ್ದರೆ ಅತಿ ಮೆತ್ತಗೆ. ಮಗ್ಗುಲಾದಾಗ ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನುಹುರಿ ನೆಟ್ಟಗಿದೆಯೇ ಎಂಬುದನ್ನು ಜೊತೆಯವರು ನೋಡಬೇಕು. ಹದಿನೈದು ನಿಮಿಷವಾದರೂ ಮಲಗಿರಬೇಕು. ಇಲ್ಲೇ ತೊಡಕು. ಮಾರಾಟಗಾರರ ಎದುರಿಗೆ, ಗಾಜಿನ ಬಾಗಿಲಿನ ಅಂಗಡಿಯಲ್ಲಿ ಮಲಗಿ ನೋಡಲು ನಮ್ಮ ಹೆಂಗಸರು ಸಂಕೋಚಪಡುತ್ತಾರೆ. ಅಂಚಿನಲ್ಲಿ ಕುಳಿತು, ಅಂಗೈಯಿಂದ ಒತ್ತಿ, ‘ಅಡ್ಡಿಯಿಲ್ಲ’ ಎಂದು ಎದ್ದುಬಿಡುತ್ತಾರೆ. ಕುಳಿತು ನೋಡಿದ ಹಾಸಿಗೆ ಕುಳಿತುಕೊಳ್ಳುವುದಕ್ಕೆ ಮಾತ್ರ ಪರೀಕ್ಷೆಯಾಯಿತು. ಕೆಲವು ಕಂಪೆನಿಗಳು ನೂರು ರಾತ್ರಿ ಮನೆಯಲ್ಲೇ ಬಳಸಿ, ಸರಿಬಾರದಿದ್ದರೆ ಹಿಂತಿರುಗಿಸಲು ಅವಕಾಶ ಕೊಡುತ್ತವೆ. ಅಂಥದನ್ನೇ ಆರಿಸುವುದು ಉಚಿತ. ಅಳತೆ ಕೊಟ್ಟು ಕತ್ತರಿಸಿದ್ದನ್ನು ಹಿಂದಕ್ಕೆ ಪಡೆಯುವರೇ ಎಂಬುದನ್ನು ಮುಂಗಡಕ್ಕೆ ಮೊದಲೇ ಕೇಳಬೇಕು. ರಬ್ಬರಿನ ಕೈಚೀಲ, ಬೆಲೂನು ತಾಗಿದರೆ ಮೈ ತುರಿಸುವವರು ವೈದ್ಯರನ್ನು ಕೇಳದೆ ಕೊಳ್ಳಲೇಬಾರದು.

ತೂಕವೂ ಲೆಕ್ಕಕ್ಕೆ ಬರಬೇಕು. ಆರಿಂಚು ದಪ್ಪದ ಇಡಿಯ ಹಾಸಿಗೆ, ಘನ ಮೀಟರಿಗೆ 80 ಕಿಲೋದಂತೆ, ಸುಮಾರು 44 ಕಿಲೋ. ಲಿಫ್ಟ್ ಇಲ್ಲದ ಪೇಟೆಯ ಹಳೆಯ ವಾಡೆಗಳ ಮೂರನೆಯ ಮಾಳಿಗೆಗೆ ಅದನ್ನು ಏರಿಸುವುದಕ್ಕಿಂತ 22 ಕಿಲೋದ ಎರಡು ತುಂಡುಗಳನ್ನು ಏರಿಸುವುದು ಸುಲಭ. ಸಾಮಾನು ತುಂಬುವ ಪೆಟ್ಟಿಗೆಯ ಮಂಚವಾದರೆ ಮೇಲಿನ ಪ್ಲೈವುಡ್ಡಿಗೆ ಅಲ್ಲಲ್ಲಿ ತೂತು ಕೊರೆಯಿಸಬೇಕು. ಇಲ್ಲವಾದರೆ ಪುಣೆಯ ಮಳೆಗಾಲದಲ್ಲಿ ಅಡಿಭಾಗ ಬೂಸಲು ಹಿಡಿಯುತ್ತದೆ. ತಲೆಗೆ ಎಣ್ಣೆ ಹಚ್ಚಿ ಮಲಗುವ ಮನೆಯವರು ದಪ್ಪ ಹೊದಿಕೆ ಬಳಸಲಿ, ಎಣ್ಣೆ ರಬ್ಬರಿಗೆ ವೈರಿ. ಹತ್ತಿಯ ಗಾದಿಯನ್ನು ಟೆರೇಸಿನ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುವ ಅಭ್ಯಾಸವನ್ನೂ ಇಲ್ಲಿ ಬಿಡಬೇಕು. ಬಿಸಿಲು ತಾಗಿದ ಲ್ಯಾಟೆಕ್ಸ್ ಹಳದಿಯಾಗಿ, ಬಿರಿದು, ಹುಡಿಯುದುರುತ್ತದೆ. ಬಿಸಿಲಿಗೆ ಹಾಕಬೇಕಾದದ್ದು ಗವಸನ್ನು ಮಾತ್ರ. ಒಳಗಿನದನ್ನು ನೆರಳಿನಲ್ಲಿ, ಕಿಟಕಿ ತೆರೆದು, ಗಾಳಿಗೆ ಒರಗಿಸಿದರೆ ಸಾಕು.