ಎಲ್‌ಎಲ್‌ಆರ್ ಇರುವವರ ಬೈಕು, ಕಾರಿನ ವಿಮೆ: ಸದಸ್ಯರ ಗಮನಕ್ಕೆ



ಮಕ್ಕಳಿಗೆ 18 ತುಂಬಿದ ಕೂಡಲೇ ಗೇರ್ ಬೈಕು, ಕಾರು ಎರಡಕ್ಕೂ ಒಟ್ಟಿಗೇ ಎಲ್‌ಎಲ್‌ಆರ್ ಮಾಡಿಸುವುದು ಈಗ ನಮ್ಮ ಊರುಗಳಲ್ಲೆಲ್ಲ ವಾಡಿಕೆ. ಕಲಿಯುವಾಗ ಅಪಘಾತವಾದರೆ ಇನ್ಶೂರೆನ್ಸ್ ಸಿಗುತ್ತದೆಯೇ ಎಂಬುದು ಹಲವರ ಪ್ರಶ್ನೆ. ಸಿಗುತ್ತದೆ, ಆದರೆ ನಿಯಮ ಪಾಲಿಸಿದ್ದರೆ ಮಾತ್ರ.

ಮೊದಲು ತಿಳಿಯಬೇಕಾದದ್ದು: ನಮ್ಮ ದೇಶದಲ್ಲಿ ವಿಮೆ ಇರುವುದು ಗಾಡಿಗೆ. ಪಾಲಿಸಿ ಆರ್‌ಸಿಯಲ್ಲಿರುವ ಮಾಲೀಕರ ಹೆಸರಿನಲ್ಲಿರುತ್ತದೆ. ಕಲಿಯುವವರಿಗೆಂದು ಬೇರೆ ಪಾಲಿಸಿ ಬೇಕಿಲ್ಲ. ಆದರೆ ಬೈಕಿಗೊಂದು, ಕಾರಿಗೊಂದು ಪಾಲಿಸಿ ಇರಲೇಬೇಕು. ಬೈಕಿನ ನೋ ಕ್ಲೇಮ್ ಬೋನಸ್ಸನ್ನು ಕಾರಿಗೆ ವರ್ಗಾಯಿಸಲು ಬರುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲದಿದ್ದರೆ ಮೊದಲ ಸಲ 2,000 ರೂ., ಮತ್ತೆ ಸಿಕ್ಕಿಬಿದ್ದರೆ 4,000 ರೂ. ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714 ರೂ., 1000 ಸಿಸಿವರೆಗಿನ ಕಾರಿಗೆ 2,094 ರೂ.; ಜಿಎಸ್‌ಟಿ ಬೇರೆ.

ಎಲ್‌ಎಲ್‌ಆರ್ ಕೂಡ ಕಾನೂನಿನ ಪ್ರಕಾರ ಲೈಸೆನ್ಸೇ ಎಂದು ಸುಪ್ರೀಂ ಕೋರ್ಟು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಪಾಲಿಸಿಯ 'ಡ್ರೈವರ್ಸ್ ಕ್ಲಾಸ್' ಎಂಬ ಭಾಗ ತೆಗೆದು ನೋಡಿ. ಎಲ್‌ಎಲ್‌ಆರ್ ಇರುವವರು ಕೇಂದ್ರ ಮೋಟಾರು ವಾಹನ ನಿಯಮಗಳ (1989) 3ನೇ ನಿಯಮ ಪಾಲಿಸಿರಬೇಕು ಎಂದು ಅಲ್ಲಿದೆ. ಆ ನಿಯಮ ಕೇಳುವುದು ಇಷ್ಟು:

1. ಎಲ್‌ಎಲ್‌ಆರ್ ಚಾಲ್ತಿಯಲ್ಲಿರಬೇಕು. ಅದರ ಅವಧಿ ಆರು ತಿಂಗಳು.

2. ಗಾಡಿಯ ಹಿಂದೆ, ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಇರಬೇಕು.

3. ಆ ಗಾಡಿಯ ಲೈಸೆನ್ಸ್ ಇರುವವರು ಜೊತೆಗಿದ್ದು, ಗಾಡಿ ನಿಲ್ಲಿಸಲು ಕೈಗೆಟಕುವಂತೆ ಕುಳಿತಿರಬೇಕು. ಕಾರಿನಲ್ಲಿ ಎಂದರೆ ಮುಂದಿನ ಎಡ ಸೀಟು. ಬೈಕಿನಲ್ಲಿ ಕಲಿಸುವವರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ಕಾರಿನಲ್ಲಿ ಮೂರನೆಯದನ್ನು ಹೇಗೋ ಪಾಲಿಸುತ್ತೇವೆ. ಬೈಕಿನಲ್ಲಿ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಹುಡುಗರು ಲೈಸೆನ್ಸ್ ಇಲ್ಲದ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಪೇಟೆಗೆ ಹೋಗುತ್ತಾರೆ. ಆಗ ಅಪಘಾತವಾದರೆ ನಮ್ಮ ಗಾಡಿಯ ರಿಪೇರಿ ಖರ್ಚನ್ನು ಕಂಪನಿ ನಿರಾಕರಿಸಬಹುದು. ಪೆಟ್ಟಾದವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟು ಆದೇಶಿಸುವುದೂ ಉಂಟು. ಮಾಲೀಕರೆಂದರೆ ಬಹುತೇಕ ಅಪ್ಪ ಅಥವಾ ಅಮ್ಮ.

ಇನ್ನೊಂದು ಮಾತು ಮುಖ್ಯ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಬೈಕಿನ ಹಿಂದೆ ಕೂತವರಿಗೂ, ಖಾಸಗಿ ಕಾರಿನೊಳಗೆ ಕೂತವರಿಗೂ ಅದು ಅನ್ವಯಿಸುವುದಿಲ್ಲ. ಎಂದರೆ ಕಲಿಸಲು ಕೂತ ಅಣ್ಣನಿಗೋ ಮಾವನಿಗೋ ಪೆಟ್ಟಾದರೆ ರಕ್ಷಣೆ ಇಲ್ಲ. ಫುಲ್ ಇನ್ಶೂರೆನ್ಸ್ ಎನ್ನುವ ಪ್ಯಾಕೇಜ್ ಪಾಲಿಸಿಯಲ್ಲಿ ಇದು ಸೇರಿರುತ್ತದೆ. ಕಲಿಯುವ ವರ್ಷವಾದರೂ ಬೈಕಿಗೂ ಪ್ಯಾಕೇಜ್ ಪಾಲಿಸಿಯನ್ನೇ ಮಾಡಿಸುವುದು ಒಳ್ಳೆಯದು.

ಖರ್ಚು ಉಳಿಸುವ ದಾರಿಯೂ ಒಂದಿದೆ. ಮಾಲೀಕ-ಚಾಲಕರ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆಯನ್ನು 2019ರಿಂದ ಪ್ರತ್ಯೇಕವಾಗಿ ತೆಗೆದುಕೊಳ್ಳಬಹುದು. ಒಬ್ಬರ ಹೆಸರಿನಲ್ಲೇ ಬೈಕು, ಕಾರು ಎರಡೂ ಇದ್ದರೆ ಒಂದೇ ಸಾಕು. ಎರಡೆರಡು ಸಲ ಕಟ್ಟಬೇಡಿ.

ಗಡಿಯವರಾದ ನಮ್ಮ ಸಂದೇಹಕ್ಕೂ ಉತ್ತರವಿದೆ. ಕಾಯ್ದೆಯ 13ನೇ ಕಲಂ ಪ್ರಕಾರ ಎಲ್‌ಎಲ್‌ಆರ್ ಇಡೀ ಭಾರತಕ್ಕೆ ಸಲ್ಲುತ್ತದೆ. ಕಾಸರಗೋಡಿನವರು ತಲಪಾಡಿ ದಾಟಲಿ, ಹೊಸೂರಿನವರು ಅತ್ತಿಬೆಲೆ ದಾಟಲಿ, ಜತ್ತದವರು ವಿಜಯಪುರಕ್ಕೆ ಹೋಗಲಿ, ರಾಯದುರ್ಗದವರು ಬಳ್ಳಾರಿಗೆ ಹೋಗಲಿ, ಲೈಸೆನ್ಸೂ ವಿಮೆಯೂ ಊರ್ಜಿತ. ಆದರೆ 3ನೇ ನಿಯಮವೂ ಜೊತೆಗೇ ಗಡಿ ದಾಟುತ್ತದೆ.

ಪಾಲಿಸಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅರ್ಥವಾಗದಿದ್ದರೆ ಅದರ ಜೆರಾಕ್ಸ್ ಪ್ರತಿಯೊಂದಿಗೆ ಸಂಘದ ಕಾರ್ಯಾಲಯಕ್ಕೆ ಬನ್ನಿ, ಕೂತು ಓದಿ ಹೇಳೋಣ. ಗಾಡಿಯ ಕೀಲಿ ಮಕ್ಕಳ ಕೈಗೆ ಕೊಡುವ ಮೊದಲೇ ಬಂದರೆ ಇನ್ನೂ ಒಳ್ಳೆಯದು.

— ಕಾರ್ಯದರ್ಶಿ