ಕುರ್ವೆಯ ಬಾಳುವೆಯೂ ಪ್ರವಾಸಿಗರ ಆತಿಥ್ಯವೂ

ಉತ್ತರ ಕನ್ನಡದ ಕರಾವಳಿಯಲ್ಲಿ ನದೀಮಧ್ಯದ ನಡುಗಡ್ಡೆಗೆ ಕುರ್ವೆಯೆಂದು ಹೆಸರು. ಹೊನ್ನಾವರದ ಬಳಿ ಶರಾವತಿಯಲ್ಲಿ ಮಾವಿನಕುರ್ವೆಯೂ, ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ನಡುವೆ ಐಗಳಕುರ್ವೆಯೂ ಜನವಸತಿಯುಳ್ಳವು. ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗತಕ್ಕ ನೇತ್ರಾಣಿಯಾದರೋ ಸಮುದ್ರದಲ್ಲಿನ ನಿರ್ಜನ ದ್ವೀಪ. ಅಲ್ಲಿಯ ಹವಳಗಳನ್ನೂ ಮೀನುಗಳನ್ನೂ ನೀರಿನಲ್ಲಿ ಮುಳುಗಿ ನೋಡಲು ದೂರದವರು ಬರುತ್ತಾರೆ. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆಯಿತು. ಅಘನಾಶಿನಿಯ ಅಳಿವೆಯ 4,801 ಹೆಕ್ಟೇರು ಪ್ರದೇಶವು ರಾಮ್ಸಾರ್ ಪಟ್ಟಿಗೆ ಸೇರಿದ ವಾರ್ತೆಯು 2024ರ ಜನವರಿಯಲ್ಲಿ ಪ್ರಕಟವಾಯಿತು. ಹೀಗೆ ಕೀರ್ತಿಯು ಬಂದ ಮೇಲೆ ಪ್ರವಾಸಿಗರೂ ಬರುವರು. ಅವರಿಂದ ನೀರಿನ ನಡುವೆ ಬಾಳುವವರಿಗೆ ಹಿತವಾಗುವ ಬಗೆ ಯಾವುದೆಂಬುದೇ ನಮ್ಮ ವಿಚಾರ.

ಇದಕ್ಕೆ ಎರಡು ನದಿಗಳೇ ಪಾಠ ಹೇಳುತ್ತವೆ. ಅಳಿವೆಯ ಐಶ್ವರ್ಯವೆಲ್ಲ ಉಪ್ಪುನೀರೂ ಸಿಹಿನೀರೂ ಹದವಾಗಿ ಬೆರೆಯುವುದರಲ್ಲಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆದ ತರುವಾಯ, ವಿದ್ಯುದಾಗಾರಗಳಿಂದ ಬಿಟ್ಟ ಸಿಹಿನೀರು ವರ್ಷವಿಡೀ ಶರಾವತಿಯಲ್ಲಿ ಹರಿದು, ಅಳಿವೆಯ ಉಪ್ಪು ತಗ್ಗಿತು. ಬಳಚು ಮೊದಲಾದ ಚಿಪ್ಪುಜೀವಿಗಳೂ ಕ್ಷೀಣಿಸಿದವು. ನಾಡಿಗೆ ಬೆಳಕು ದೊರೆತುದು ದೊಡ್ಡ ಲಾಭವೇ ಸರಿ. ಆದರೆ ಅದರ ಬೆಲೆಯನ್ನು ಅಳಿವೆಯ ಬಡವರೂ ತೆತ್ತರು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಇಂದಿಗೂ ಸಾವಿರಾರು ಜನರು, ಅದರಲ್ಲಿಯೂ ಹೆಂಗಸರು, ಇಳಿತದ ವೇಳೆಯಲ್ಲಿ ಬಳಚು ಆರಿಸಿ ಸಂಸಾರ ಸಾಗಿಸುತ್ತಾರೆ. ಅಲ್ಲಿಯ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತ. ಕೊಯ್ಲಾದ ಬಳಿಕ ಅದೇ ನೆಲದಲ್ಲಿ ಮೀನು, ಸಿಗಡಿ. ಮಾಣಿಕಟ್ಟದಂತಹ ಊರುಗಳಲ್ಲಿ ಈ ಬೇಸಾಯವು ಕಟ್ಟೆಯೊಂದನ್ನೇ ನಂಬಿದೆ. ಕಟ್ಟೆ ಒಡೆದರೆ ಉಪ್ಪುನೀರು ನುಗ್ಗುವುದು, ಬೆಳೆಯೂ ಹೋಗುವುದು.

ಆದುದರಿಂದ ಪ್ರವಾಸಿಗರು ನೋಡಬಯಸುವ ಚೆಲುವೂ ಊರವರು ಉಣ್ಣುವ ಅನ್ನವೂ ಒಂದೇ ಮೂಲದವು. ದಡದ ಕಾಂಡ್ಲಾ ಗಿಡಗಳನ್ನು ಕಡಿದು ವಸತಿಗೃಹ ಕಟ್ಟುವುದು ಕಾಮಧೇನುವನ್ನು ಕೊಂದು ಹಾಲು ಹುಡುಕಿದಂತಾದೀತು. ಊರ ಅಂಬಿಗನ ದೋಣಿ, ಊರ ಮನೆಯಲ್ಲಿ ಕಗ್ಗದ ಅನ್ನದ ಊಟ, ಊರ ತರುಣರೇ ದಾರಿ ತೋರುವವರು. ಬಂದ ಹಣದಲ್ಲಿ ಒಂದು ಪಾಲು ಗಜನಿಯ ಕಟ್ಟೆಗೆ: ಇಷ್ಟಾದರೆ ಆದಾಯವು ಊರಲ್ಲಿಯೇ ನಿಲ್ಲುವುದು. ಪ್ರತಿದಿನ ಎಷ್ಟು ದೋಣಿಗಳು ಹೋಗಬೇಕೆಂಬುದನ್ನು ನಿಶ್ಚಯಿಸುವಲ್ಲಿ ಪಂಚಾಯತಿಯ ಮಾತಿಗೂ, ಬಳಚು ಆರಿಸುವ ಹೆಂಗಸರ ಮಾತಿಗೂ ತೂಕವಿರತಕ್ಕದ್ದು.

ನಮ್ಮ ವಾಚಕರಲ್ಲಿ ಅನೇಕರು ಮಕ್ಕಳೊಡನೆ ಈ ಕಡೆಗೆ ಯಾತ್ರೆ ಬರುವವರುಂಟು. ಅವರು ಮಳೆಗಾಲವನ್ನು ಬಿಟ್ಟು ಬರಲಿ. ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯಲಿ. ಅಂಬಿಗನೊಡನೆ ನಾಲ್ಕು ಕಾಸಿಗಾಗಿ ಚೌಕಾಸಿ ಮಾಡದಿರಲಿ. ಅತಿಥಿಯನ್ನು ಸತ್ಕರಿಸುವುದು ಗೃಹಸ್ಥನ ಧರ್ಮವಾದರೆ, ಉಂಡ ಮನೆಯನ್ನು ಕೆಡಿಸದಿರುವುದು ಅತಿಥಿಯ ಧರ್ಮ.