ಬೆಟ್ಟದೂರಿನ ಬೀದಿಯ ಒಲೆ

ವಿಯೆಟ್ನಾಮಿನ ದಕ್ಷಿಣ ಭಾಗದ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿ ದಾಲಾತ್ ಎಂಬ ಊರಿದೆ. ‘ಲಾತ್ ಜನರ ಹೊಳೆ’ ಎಂಬುದು ಆ ಹೆಸರಿನ ಅರ್ಥ. ಅಲ್ಲಿನ ಮೂಲನಿವಾಸಿಗಳ ಹೆಸರು ಹೊಳೆಗೆ ಬಂದು, ಹೊಳೆಯಿಂದ ಊರಿಗೆ ಬಂದಿತು. ಊರು ಕಟ್ಟಿದ್ದು ಮಾತ್ರ ಅವರಿಗಾಗಿ ಅಲ್ಲ. 1893ರಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಎಂಬ ವೈದ್ಯ ವಿಜ್ಞಾನಿ ಈ ನೆಲವನ್ನು ಕಂಡುಬಂದ ಮೇಲೆ, ಬಯಲಿನ ಬೇಗೆಗೆ ಬಳಲಿದ ಫ್ರೆಂಚ್ ಅಧಿಕಾರಿಗಳು ಇಲ್ಲಿ ಬಂಗಲೆಗಳನ್ನೆಬ್ಬಿಸಿದರು. ಉದಕಮಂಡಲವನ್ನು ಆಂಗ್ಲರು ಬೆಳೆಸಿದ್ದೂ ಇಂಥ ಹಂಬಲದಿಂದಲೇ ಅಲ್ಲವೆ?

ಆಳುವವರು ತಂಪನ್ನು ಅರಸಿ ಬಂದರು. ದುಡಿಯಲು ಬಂದವರಿಗೆ ಬೇಕಾದದ್ದು ಬಿಸಿ. ದಾಲಾತಿನ ಬೀದಿ ತಿನಿಸುಗಳ ರುಚಿಯ ಗುಟ್ಟು ಇಷ್ಟೇ. ಬೆಳಗಿನ ಚಳಿಯಲ್ಲಿ ಅಲ್ಲಿನ ಜನ ಉಣ್ಣುವ ‘ಸಿಯು ಮಾಯ್’ ಬಟ್ಟಲನ್ನೇ ನೋಡಿ. ಹಬೆಯಾಡುವ ಸಾರಿನಲ್ಲಿ ಹಂದಿಮಾಂಸದ ಉಂಡೆಗಳು; ಅದ್ದಿಕೊಳ್ಳಲು ಗರಿಗರಿಯಾದ ಬ್ರೆಡ್ಡು. ಉಂಡೆಯ ಹೆಸರು ಚೀನೀಯರದು, ಬ್ರೆಡ್ಡು ಫ್ರೆಂಚರದು. ಎರಡನ್ನೂ ಒಂದೇ ಬಟ್ಟಲಿಗೆ ತಂದ ಕೈ ಮಾತ್ರ ವಿಯೆಟ್ನಾಮಿನದು.

ಕನ್ನಡಿಗನ ಕಾಲು ತಾನಾಗಿ ನಿಲ್ಲುವುದು ‘ಬಾನ್ ಕಾನ್’ ಮಾಡುವ ಒಲೆಯ ಮುಂದೆ. ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ಕೆಂಡ. ಅದರ ಮೇಲೆ ಸಾಲಾಗಿ ಮಣ್ಣಿನ ಪುಟ್ಟ ಅಚ್ಚುಗಳು. ಒಂದೊಂದಕ್ಕೂ ಮಣ್ಣಿನದೇ ಮುಚ್ಚಳ. ನೆನೆಸಿದ ಅಕ್ಕಿಯನ್ನು ಒಂದಿಷ್ಟು ಅನ್ನದೊಡನೆ ರುಬ್ಬಿ, ಆ ಹಿಟ್ಟನ್ನು ಅಚ್ಚಿಗೆ ಹೊಯ್ದು, ಮೇಲೊಂದು ಮೊಟ್ಟೆ ಒಡೆದು ಮುಚ್ಚುತ್ತಾರೆ. ನಮ್ಮ ಪಡ್ಡಿನ ನೆನಪಾಗದೆ ಇರದು. ಆದರೆ ಹೋಲಿಕೆ ಕಂಡೊಡನೆ ನಂಟು ಹೇಳಿಬಿಡಬಾರದು. ಪಡ್ಡಿನ ಹಿಟ್ಟು ಹುಳಿಬರಬೇಕು, ಇದಕ್ಕೆ ಹುಳಿ ಬೇಡ. ಪಡ್ಡಿನ ಗುಳಿಗೆ ಎಣ್ಣೆ ಬೇಕು, ಇದು ಕೆಂಡದ ಕಾವಿಗೇ ಬೇಯುತ್ತದೆ. ಬೆಂದವನ್ನು ಜೋಡಿಜೋಡಿಯಾಗಿ ಬಡಿಸುತ್ತಾರೆ. ಕೆಳಗಿನ ಕರಾವಳಿಯಲ್ಲಿ ಇದನ್ನು ಮೀನಿನ ರಸದಲ್ಲಿ ಅದ್ದಿ ತಿನ್ನುವುದು ವಾಡಿಕೆ. ಬೆಟ್ಟವೇರಿದ ಮೇಲೆ ಇದಕ್ಕೂ ಸಿಯು ಮಾಯ್‌ನ ಬಿಸಿ ಸಾರು ಜೊತೆಯಾಯಿತು.

ಮಾಂಸ, ಮೀನು ಒಲ್ಲದವರು ನಿರಾಶರಾಗಬೇಕಿಲ್ಲ. ‘ಚಾಯ್’ ಎಂಬ ಫಲಕವಿದ್ದರೆ ಅದು ಸಸ್ಯಾಹಾರದ ಅಂಗಡಿ. ಬೌದ್ಧರಲ್ಲಿ ಅನೇಕರು ಚಾಂದ್ರಮಾಸದ 1 ಮತ್ತು 15ನೆಯ ದಿನ ಸಸ್ಯಾಹಾರವನ್ನೇ ಉಣ್ಣುತ್ತಾರೆ. ರಾತ್ರಿಯ ಬೀದಿಯಲ್ಲಿ ಬಿಸಿಯಾದ ಸೋಯಾ ಹಾಲು, ಕೆಂಡದಲ್ಲಿ ಸುಟ್ಟ ಗೆಣಸು ಸಿಗುತ್ತವೆ. ಅಕ್ಕಿಯ ತೆಳು ಹಪ್ಪಳದ ಮೇಲೆ ಮೊಟ್ಟೆ, ಈರುಳ್ಳಿ ಸೊಪ್ಪು ಹರಡಿ ಕೆಂಡದ ಮೇಲೆ ಸುಡುವ ತಿನಿಸು ಎಳೆಯರಿಗೆ ಅಚ್ಚುಮೆಚ್ಚು. ಬೆಣ್ಣೆಹಣ್ಣಿನ ತಿರುಳಿಗೆ ಐಸ್‌ಕ್ರೀಮ್ ಬೆರೆಸಿ ಕೊಡುವುದೂ ಉಂಟು. ಆ ಹಣ್ಣನ್ನು ಅವರು ‘ಬೋ’ ಎನ್ನುತ್ತಾರೆ. ಬೆಣ್ಣೆಗೂ ಅವರಲ್ಲಿ ಅದೇ ಮಾತು. ಒಂದೇ ಹಣ್ಣನ್ನು ಕಂಡು ಎರಡು ದೂರದ ನುಡಿಗಳಿಗೆ ಒಂದೇ ಉಪಮೆ ಹೊಳೆದದ್ದು ಸಂತೋಷದ ಸಂಗತಿ.

ಮತ್ತೆ ಆ ಮಣ್ಣಿನ ಅಚ್ಚಿಗೆ ಬರೋಣ. ಬಾನ್ ಕಾನ್‌ಗೆ ಹೆಸರಾದ ಕರಾವಳಿಯ ಫಾನ್ ರಾಂಗ್ ಪ್ರದೇಶ ಚಾಮ್ ಜನರ ನೆಲೆ. ಶಿವಾಲಯಗಳನ್ನು ಕಟ್ಟಿ, ಸಂಸ್ಕೃತದಲ್ಲಿ ಶಾಸನ ಬರೆಸಿದ ಚಂಪಾ ರಾಜ್ಯದ ವಂಶಸ್ಥರು ಇವರು. ಅಲ್ಲಿಯ ಬಾವ್ ತ್ರುಕ್ ಎಂಬ ಹಳ್ಳಿಯಲ್ಲಿ ಹೆಂಗಸರು ತಿಗರಿಯಿಲ್ಲದೆ ಮಡಕೆ ಮಾಡುತ್ತಾರೆ. ಮಣ್ಣು ನಿಂತಿರುತ್ತದೆ, ಮಾಡುವವಳೇ ಅದರ ಸುತ್ತ ತಿರುಗುತ್ತಾಳೆ. ತಾಯಿಯಿಂದ ಮಗಳಿಗೆ ಬಂದ ವಿದ್ಯೆ ಇದು. ಬಾನ್ ಕಾನ್‌ನ ಒಲೆ, ಅಚ್ಚುಗಳನ್ನೂ ಅವರು ಮಾಡುತ್ತಾರೆ. 2022ರಲ್ಲಿ ಯುನೆಸ್ಕೊ ಸಂಸ್ಥೆ ಚಾಮರ ಈ ಕುಂಬಾರಿಕೆಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಆ ಕರಾವಳಿಯಿಂದ ದಾಲಾತಿಗೆ ಹಲ್ಲುಹಳಿಯ ರೈಲುಮಾರ್ಗವೊಂದು 1932ರಲ್ಲಿ ಪೂರ್ಣಗೊಂಡಿತ್ತು. ಯುದ್ಧದ ವರ್ಷಗಳಲ್ಲಿ ಅದು ನಿಂತುಹೋಗಿ, ಈಗ ಪ್ರವಾಸಿಗರಿಗಾಗಿ ಸುಮಾರು 7 ಕಿಲೋಮೀಟರ್ ಮಾತ್ರ ಉಳಿದಿದೆ. ಕಬ್ಬಿಣದ ಹಳಿ ಕಡಿದುಹೋದರೂ ಒಡೆಯುವ ಮಣ್ಣಿನ ಅಚ್ಚು ಬೆಟ್ಟದ ಮೇಲೆ ಬಾಳಿಕೊಂಡು ಬಂದಿದೆ. ಲೋಹದ ಅಚ್ಚು ಬಾಳಿಕೆಗೆ ಮೇಲು, ನಿಜ. ಆದರೆ ಮಣ್ಣಿನದನ್ನು ಕೊಳ್ಳುವವರಿರುವ ತನಕ ಮಾತ್ರ ಆ ಮಗಳು ತಾಯಿಯಿಂದ ಕಲಿತಾಳು. ದಾಲಾತಿಗೆ ಹೋದವರು ಮಣ್ಣಿನ ಒಲೆಯನ್ನು ಹುಡುಕಿ ಉಣ್ಣುವುದು ಲೇಸು.